ಓದುಗರ ಪ್ರಶ್ನೆ: ವಿಕ್ಟೋರಿಯಾ ಕಾಲದ ಪತ್ರಿಕೆಗಳಲ್ಲಿ ಬ್ಲ್ಯಾಕ್‌ಬೆರಿ ಸುದ್ದಿ ಯಾಕೆ ಅಷ್ಟು ಜಾಸ್ತಿ?

ಪ್ರಶ್ನೆ: ಬ್ರಿಟನ್ನಿನ ಹಳೆಯ ಪತ್ರಿಕೆಗಳ ಆನ್‌ಲೈನ್ ಸಂಗ್ರಹದಲ್ಲಿ ಬ್ಲ್ಯಾಕ್‌ಬೆರಿ ಅಂತ ಹುಡುಕಿದರೆ ಕೋರ್ಟು, ಶಾಲೆ, ಸಾವು, ಎಲ್ಲ ಸುದ್ದಿಯಲ್ಲೂ ಈ ಹಣ್ಣು ಸಿಗುತ್ತದೆ. ಬೇಲಿಯಲ್ಲಿ ತಾನಾಗೇ ಬೆಳೆಯುವ ಹಣ್ಣಿನ ಬಗ್ಗೆ ಇಷ್ಟೊಂದು ಬರೆದದ್ದು ಯಾಕೆ?

ಉತ್ತರ: ಹಣ್ಣು ಪುಕ್ಕಟೆ, ಆದರೆ ಬೇಲಿಗೆ ಒಬ್ಬ ಒಡೆಯ ಇದ್ದ. ಸುದ್ದಿ ಹುಟ್ಟುತ್ತಿದ್ದದ್ದು ಅಲ್ಲೇ.

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ನೇರಳೆ ಅಲ್ಲ. ಗುಲಾಬಿ ಕುಟುಂಬಕ್ಕೆ ಸೇರಿದ ಮುಳ್ಳುಪೊದೆಯ ಹಣ್ಣು. ಇಂಗ್ಲೆಂಡಿನಲ್ಲಿ ಹೊಲಗಳ ಅಂಚಿನ ಹಸಿರು ಬೇಲಿಗಳಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಸಿಗುತ್ತದೆ. ಮಲೆನಾಡಿನ ಮಕ್ಕಳಿಗೆ ಕವಳೆ ಹೇಗೋ ಅಲ್ಲಿಯ ಮಕ್ಕಳಿಗೆ ಇದು ಹಾಗೆ. ಆದರೆ ಕೂಲಿ ಮಾಡುವವರ ಮನೆಯಲ್ಲಿ ಇದು ಬರೀ ಬಾಯಿರುಚಿ ಆಗಿರಲಿಲ್ಲ, ಚಳಿಗಾಲಕ್ಕೆ ಮಕ್ಕಳ ಬೂಟಿನ ದುಡ್ಡು ಇದರಿಂದಲೇ ಹುಟ್ಟಬೇಕಿತ್ತು. 1874ರಲ್ಲಿ ಬ್ರಿಟನ್ ಸಕ್ಕರೆ ಮೇಲಿನ ಸುಂಕ ತೆಗೆದುಹಾಕಿತು, ಸಕ್ಕರೆ ಅಗ್ಗವಾಯಿತು, ಹಾರ್ಟ್ಲಿ, ಚಿವರ್ಸ್ ಥರದ ಜಾಮ್ ಕಾರ್ಖಾನೆಗಳು ಅದೇ ದಶಕದಲ್ಲಿ ಬೆಳೆದವು, ಹಳ್ಳಿಯ ಹಣ್ಣನ್ನು ಪೇಟೆಗೆ ಮುಟ್ಟಿಸಲು ರೈಲು ಇತ್ತು. ಹೀಗೆ ಬೇಲಿಯ ಹಣ್ಣಿಗೂ ಕೊಳ್ಳುವವರು ಸಿಕ್ಕಿದರು.

ಇನ್ನು ಕೋರ್ಟಿನ ವಿಷಯ. ಕಾಡು ಹಣ್ಣು ಕಿತ್ತರೆ ಅದು ಕಳ್ಳತನವೇ? ಆಗಿನ ಕಾನೂನಿನ ಪ್ರಕಾರ ಅಲ್ಲ. 1861ರ ಕಳ್ಳತನದ ಕಾಯ್ದೆ ತೋಟದ ಹಣ್ಣು, ಬೆಳೆಸಿದ ಗಿಡ ಇವುಗಳನ್ನು ಕಾಯುತ್ತಿತ್ತು. ತಾನಾಗೇ ಹುಟ್ಟಿದ ಮುಳ್ಳುಪೊದೆ ಅದರೊಳಗೆ ಬರುತ್ತಿರಲಿಲ್ಲ. ಹಾಗಾಗಿ ಜಮೀನ್ದಾರರು ಇನ್ನೊಂದು ದಾರಿ ಹಿಡಿದರು: ಬೇಲಿ ಮುರಿದರು, ಹುಲ್ಲು ತುಳಿದರು ಅಂತ, ಅದೇ ವರ್ಷದ ಆಸ್ತಿ ಹಾನಿ ಕಾಯ್ದೆಯ ಕೆಳಗೆ ದೂರು. ತೀರ್ಪು ಕೊಡುವ ಮ್ಯಾಜಿಸ್ಟ್ರೇಟರು ಹಳ್ಳಿಗಾಡಿನಲ್ಲಿ ಬಹಳ ಸಲ ತಾವೇ ಜಮೀನ್ದಾರರು. ಎದುರಿಗೆ ನಿಂತಿರುವವರು ಬುಟ್ಟಿ ಹಿಡಿದ ಹೆಂಗಸರು, ಹತ್ತು ಹನ್ನೆರಡು ವರ್ಷದ ಹುಡುಗರು. ಓದುವಾಗ ಹೊಟ್ಟೆ ಉರಿಯುತ್ತದೆ. 1887ರಲ್ಲಿ ಕಾಡು ಅಣಬೆ ಕಿತ್ತವನ ಮೊಕದ್ದಮೆಯೊಂದು ಮೇಲಿನ ಕೋರ್ಟಿಗೆ ಹೋಯಿತು. ಅಣಬೆ ಕೀಳುವುದೇ ಈ ಕಾಯ್ದೆಯ ಪ್ರಕಾರ ಹಾನಿ ಆಗುವುದಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ಬ್ಲ್ಯಾಕ್‌ಬೆರಿ ಕೀಳುವವರಿಗೂ ಆ ಮಾತು ಮುಖ್ಯವೇ ಅಲ್ವಾ?

ಇಷ್ಟು ಸಣ್ಣ ಹಣ್ಣಿಗೆ ಒಡೆಯರಿಗೆ ಯಾಕೆ ಅಷ್ಟು ಸಿಟ್ಟು? ಹಣ್ಣು ಅವರಿಗೆ ಬೇಕಾಗಿರಲಿಲ್ಲ. ಫೆಸೆಂಟ್ ಹಕ್ಕಿಗಳ ಬೇಟೆ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅದಕ್ಕೆ ಮುಂಚಿನ ತಿಂಗಳು, ಹಣ್ಣು ಚೆನ್ನಾಗಿ ಕಪ್ಪಾಗುವ ಹೊತ್ತಿಗೆ, ಊರವರು ಪೊದೆಗಳಲ್ಲಿ ಓಡಾಡಿದರೆ ಸಾಕಿ ಬೆಳೆಸಿದ ಹಕ್ಕಿಗಳು ಬೆದರಿ ಚೆದುರಿ ಹೋಗುತ್ತವೆ ಎನ್ನುವುದು ಕಾವಲುಗಾರರ ಚಿಂತೆ. ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸೆಪ್ಟೆಂಬರಿನ ಜಗಳಗಳು ತಾನಾಗೇ ಅರ್ಥವಾಗುತ್ತವೆ.

ಶಾಲೆಯ ಕಥೆ ಇದಕ್ಕಿಂತ ಗಟ್ಟಿ. ಶಾಲೆಗಳಿಗೆ ಸರ್ಕಾರ ಕೊಡುತ್ತಿದ್ದ ಅನುದಾನಕ್ಕೆ 1862ರಲ್ಲಿ ಹೊಸ ನಿಯಮ ಬಂತು: ಸರಾಸರಿ ಹಾಜರಿಯ ಲೆಕ್ಕದಲ್ಲಿ ಮಗುವಿಗೆ 4 ಶಿಲಿಂಗ್, ಉಳಿದದ್ದು ಪರೀಕ್ಷೆಯ ಮೇಲೆ. ಅಂದರೆ ಮಕ್ಕಳು ಹಣ್ಣಿಗೆ ಹೋದರೆ ಶಾಲೆಯ ದುಡ್ಡಿಗೇ ಕತ್ತರಿ. ಹಳ್ಳಿ ಶಾಲೆಯ ಮೇಷ್ಟ್ರು ದಿನಚರಿ ಪುಸ್ತಕದಲ್ಲಿ 'ಹಲವರು ಬ್ಲ್ಯಾಕ್‌ಬೆರಿಗೆ ಹೋಗಿದ್ದಾರೆ' ಎಂಬ ಅರ್ಥದ ಸಾಲನ್ನು ವರ್ಷ ವರ್ಷ ಬರೆದದ್ದು ಅದಕ್ಕೇ. 1880ರಲ್ಲಿ 5ರಿಂದ 10 ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. ಆಮೇಲೆ ತಪ್ಪಿಸಿದರೆ ಅಪ್ಪ ಅಮ್ಮ ಕೋರ್ಟಿಗೆ ಬರಬೇಕು, ದಂಡ ಕಟ್ಟಬೇಕು. ಮಗು ಗಳಿಸಿದ ನಾಲ್ಕು ಕಾಸು ದಂಡಕ್ಕೇ ಹೋಗುತ್ತಿತ್ತೇನೋ! ಇದೇ ದೇಶ 1918ರಲ್ಲಿ, ಮೊದಲ ಮಹಾಯುದ್ಧದ ಸೈನಿಕರ ಜಾಮ್‌ಗೆ ಹಣ್ಣು ಬೇಕು ಅಂತ ಶಾಲಾ ಮಕ್ಕಳನ್ನು ತಾನೇ ಬೇಲಿಗೆ ಕಳಿಸಿತು.

ಸಾವಿನ ಸುದ್ದಿಗಳೂ ಇವೆ. ಹಣ್ಣು ಹುಡುಕುತ್ತಾ ಹೋದ ಮಗು ಬೆಲ್ಲಡೋನಾ ಎಂಬ ವಿಷದ ಗಿಡದ ಹೊಳೆಯುವ ಕಪ್ಪು ಕಾಯಿ ತಿಂದು ಸತ್ತರೆ ವಿಚಾರಣೆ ನಡೆಯುತ್ತಿತ್ತು, ಆ ವಿಚಾರಣೆ ಪತ್ರಿಕೆಗೆ ಬರುತ್ತಿತ್ತು. ಇಂಥದ್ದು ಓದಿದ ಎಷ್ಟೋ ತಾಯಂದಿರು ಎಚ್ಚರ ಆಗಿರಬೇಕು.

ಇವುಗಳ ನಡುವೆ ಹಗುರ ಸುದ್ದಿಗಳೂ ಸಿಗುತ್ತವೆ. ಡಿಸೆಂಬರಿನಲ್ಲಿ ಹಣ್ಣಾದ ಬ್ಲ್ಯಾಕ್‌ಬೆರಿ ಕಂಡರೆ 'ಈ ಸಲ ಚಳಿ ಕಮ್ಮಿ' ಅಂತ ನಾಲ್ಕು ಸಾಲು. ಅಕ್ಟೋಬರ್ 10ರ ಆಸುಪಾಸಿನ ಹಳೆಯ ಕ್ಯಾಲೆಂಡರಿನ ಮೈಕಲ್ ಹಬ್ಬ (ಕ್ರೈಸ್ತರ ಹಬ್ಬ) ಕಳೆದ ಮೇಲೆ ಸೈತಾನ ಹಣ್ಣಿನ ಮೇಲೆ ಉಗುಳುತ್ತಾನೆ, ತಿನ್ನಬಾರದು ಅಂತ ಹಳ್ಳಿಯವರ ನಂಬಿಕೆ. ಆ ಹೊತ್ತಿಗೆ ಹಣ್ಣು ನೀರಾಗಿ ಬೂಸ್ಟು ಹಿಡಿಯುವುದಂತೂ ನಿಜ.

ಸುದ್ದಿ ಜಾಸ್ತಿ ಕಾಣುವುದಕ್ಕೆ ಪತ್ರಿಕೆಗಳದ್ದೇ ಒಂದು ಕಾರಣವೂ ಇದೆ. 1855ರಲ್ಲಿ ಪತ್ರಿಕೆಗಳ ಮೇಲಿನ ಸ್ಟಾಂಪ್ ತೆರಿಗೆ ಹೋಯಿತು, 1861ರಲ್ಲಿ ಕಾಗದದ ಸುಂಕವೂ ಹೋಯಿತು. ಸಣ್ಣ ಸಣ್ಣ ಊರಿಗೂ ಪತ್ರಿಕೆ ಬಂತು. ಪುಟ ತುಂಬಬೇಕಲ್ಲ, ಒಬ್ಬರ ಸುದ್ದಿಯನ್ನು ಇನ್ನೊಬ್ಬರು ಹಾಗೇ ಎತ್ತಿ ಹಾಕುತ್ತಿದ್ದರು. ಹಾಗಾಗಿ ಹತ್ತು ಕಡೆ ಕಂಡದ್ದು ಹತ್ತು ಘಟನೆ ಅಂತ ಎಣಿಸಬೇಡಿ. ಶೇಕ್ಸ್‌ಪಿಯರನ ನಾಟಕದ ಫಾಲ್‌ಸ್ಟಾಫ್ 'ಬ್ಲ್ಯಾಕ್‌ಬೆರಿಯಷ್ಟು ಧಾರಾಳ' ಅನ್ನುವ ಅರ್ಥದ ಮಾತು ಆಡುತ್ತಾನೆ. ರಾಜಕೀಯ ವರದಿಗಾರರಿಗೆ ಅದು ತುಂಬಾ ಇಷ್ಟ. ಆ ಸಾಲುಗಳಲ್ಲಿ ಹಣ್ಣೇ ಇರುವುದಿಲ್ಲ, ಬಿಟ್ಟು ಮುಂದೆ ಹೋಗಿ.

ಹುಡುಕುವಾಗ 'ಬ್ರ್ಯಾಂಬಲ್' ಅಂತಲೂ ಹಾಕಿ, ಸ್ಕಾಟ್ಲೆಂಡಿನಲ್ಲಿ ಹೆಚ್ಚು ಬಳಕೆ ಅದೇ. ವೇಲ್ಸ್‌ನ ಹಳೆಯ ಪತ್ರಿಕೆಗಳು ಆನ್‌ಲೈನಿನಲ್ಲಿ ಉಚಿತ. ದುಡ್ಡು ಕೊಡುವ ಮುಂಚೆ ಅಲ್ಲಿಂದಲೇ ಶುರು ಮಾಡಿ. ಇನ್ನೊಂದು, ವಿಕ್ಟೋರಿಯಾ ಅಂದರೆ ಆಸ್ಟ್ರೇಲಿಯಾದ ರಾಜ್ಯವೂ ಹೌದು. ಅಲ್ಲಿಯ ಪತ್ರಿಕೆಗಳು ಟ್ರೋವ್ ಎಂಬ ಆಸ್ಟ್ರೇಲಿಯಾದ ಆನ್‌ಲೈನ್ ಸಂಗ್ರಹದಲ್ಲಿವೆ, ಅದೂ ಉಚಿತ. ಆದರೆ ಅಲ್ಲಿ ಕಥೆ ಬೇರೆ: ಸರ್ಕಾರಿ ಸಸ್ಯವಿಜ್ಞಾನಿ ಫರ್ಡಿನಾಂಡ್ ಫಾನ್ ಮುಲ್ಲರ್ ತಾವೇ ಈ ಗಿಡದ ಬೀಜ ಹರಡಿದರು, ಅದು ಹಳ್ಳಕೊಳ್ಳಗಳನ್ನೆಲ್ಲ ಆವರಿಸಿತು, ಈಗ ಅದು ಆ ದೇಶದ ರಾಷ್ಟ್ರಮಟ್ಟದ ಕಳೆಗಳ ಪಟ್ಟಿಯಲ್ಲಿದೆ. ಮೆಲ್ಬರ್ನಿನ ಸುದ್ದಿಗಳನ್ನು ಇಂಗ್ಲೆಂಡಿನವುಗಳ ಜೊತೆ ಬೆರೆಸದೆ ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ.