ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತಾ?

ಪ್ರಶ್ನೆ: ಕಾರವಾರದ ನಮ್ಮ ಮನೆಯಲ್ಲಿ ಎರಡಡಿ ಟ್ಯಾಂಕ್ ಇದೆ. ಮಗನ ಹಟಕ್ಕೆ ಎರಡು ಆಸ್ಕರ್ ಮೀನಿನ ಮರಿ ತಂದೆವು. ‘ಟ್ಯಾಂಕ್ ನೋಡ್ಕೊಂಡು ಬೆಳೆಯುತ್ತೆ, ಚಿಂತೆ ಮಾಡ್ಬೇಡಿ’ ಅಂದರು ಅಂಗಡಿಯವರು. ನಿಜವೇ?

ನಿಜ ಅಲ್ಲ. ಇದೇ ಮಾತು ನಂಬಿ ನಾನೂ ಶಿರಸಿಯ ಮನೆಗೆ ಒಂದು ಆಸ್ಕರ್ ತಂದವನು. ಆಗ ಹೆಬ್ಬೆರಳಿನಷ್ಟಿತ್ತು. ಆರು ತಿಂಗಳಿಗೆ ಅಂಗೈ ತುಂಬಿತು. ವರ್ಷ ಆಗುವಷ್ಟರಲ್ಲಿ ಪಾಪ, ಹಿಂದಕ್ಕೆ ತಿರುಗಬೇಕೆಂದರೆ ಮೈ ಬಾಗಿಸಬೇಕು. ಮೂತಿ ಮುಂದಿನ ಗಾಜಿಗೆ, ಬಾಲ ಹಿಂದಿನ ಗಾಜಿಗೆ ತಾಗುತ್ತಿತ್ತು. ಟ್ಯಾಂಕಿನ ಅಗಲ ಒಂದೇ ಅಡಿ, ಮೀನೂ ಹತ್ತಿರ ಹತ್ತಿರ ಒಂದಡಿ!

ಇದು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ಮೀನು. ಮನೆಯಲ್ಲೂ 10–12 ಇಂಚು ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಮಗ ಈಗ ಮೂರನೇ ಕ್ಲಾಸಾದರೆ ಅವನು ಕಾಲೇಜಿಗೆ ಹೋಗುವಾಗಲೂ ಇದು ಇರುತ್ತದೆ.

ಹಾಗಾದರೆ ಕೆಲವರ ಮನೆಯಲ್ಲಿ ಸಣ್ಣದಾಗೇ ಉಳಿಯುವುದು ಯಾಕೆ? ಅದು ಸೊರಗಿದ ಮೀನು. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಹೋಗಬೇಕೆಂದರೆ ನೀರನ್ನೇ ಬದಲಿಸಬೇಕು. ಎರಡಡಿ ಟ್ಯಾಂಕಿನಲ್ಲಿ ಇರುವುದು ಸುಮಾರು 70 ಲೀಟರ್. ಆಸ್ಕರ್ ತಿನ್ನುವುದು ಜಾಸ್ತಿ, ಹೊಲಸು ಮಾಡುವುದು ಅದಕ್ಕಿಂತ ಜಾಸ್ತಿ. ಆ ನೀರಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಬಣ್ಣ ಮಂಕಾಗುತ್ತದೆ, ಕೆಲವಕ್ಕೆ ತಲೆ ಮೇಲೆ ಸೂಜಿ ಚುಚ್ಚಿದಂಥ ಗುಳಿ ಬೀಳುತ್ತವೆ.

ಒಂದು ಆಸ್ಕರ್‌ಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಬೇಕು. ಅಂದರೆ 255 ಲೀಟರ್. ನೀರಿನ ಭಾರವೇ ಎರಡೂವರೆ ಕ್ವಿಂಟಲ್ ದಾಟಿತು. ಹಲಗೆಯ ಮಹಡಿ ಮೇಲೆ ಇಡುವ ಆಸೆ ಬಿಡಿ. ಎರಡಕ್ಕೆ 450 ಲೀಟರ್ ಆದರೂ ಬೇಕು, ಆದರೂ ಕಚ್ಚಾಡುವುದಿಲ್ಲ ಎಂಬ ಗ್ಯಾರಂಟಿ ಇಲ್ಲ. ನೀವು ಒಂದನ್ನು ಈಗಲೇ ವಾಪಸ್ ಕೊಡುವುದು ಒಳ್ಳೆಯದು.

ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸಿ. ತೆಗೆದ ನೀರು ಬಾಳೆ ಬುಡಕ್ಕೆ ಹೋಗಲಿ, ನಮ್ಮನೆ ಬಾಳೆಗೆ ಅದೇ ಗೊಬ್ಬರ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿಯೇ ಬಿಡಬೇಕು. ನೀರು ಬದಲಿಸಿದ ದಿನ ಮೀನು ಮೂಲೆಯಲ್ಲಿ ಅಡ್ಡ ಮಲಗಿದರೆ ಗಾಬರಿ ಬೇಡ. ಆಸ್ಕರ್ ಮುನಿಸಿಕೊಳ್ಳುವುದರಲ್ಲಿ ಎತ್ತಿದ ಕೈ. ಮರುದಿನವೂ ಹಾಗೇ ಇದ್ದರೆ ಮಾತ್ರ ನೀರು ಪರೀಕ್ಷಿಸಿ.

ನೀರು 24ರಿಂದ 28 ಡಿಗ್ರಿ ಇರಲಿ. ಕಾರವಾರದ ಸೆಕೆಗೆ ನಿಮಗೆ ಹೀಟರ್ ಬೇಕಾಗುವುದು ಅಪರೂಪ. ಘಟ್ಟದ ಮೇಲೆ ನಮಗೆ ಡಿಸೆಂಬರ್ ರಾತ್ರಿಗೆ ಬೇಕೇ ಬೇಕು. ನನ್ನ ಮೊದಲ ಗಾಜಿನ ಹೀಟರನ್ನು ಮೀನು ಕಿತ್ತು ಕಲ್ಲಿಗೆ ಬಡಿದು ಒಡೆದಿತ್ತು. ಸುತ್ತ ಜಾಲರಿ ಇರುವುದನ್ನೇ ತನ್ನಿ.

ಮಳೆಗಾಲದ ಕರೆಂಟಿನ ಕಥೆ ನಿಮಗೂ ಗೊತ್ತಿದ್ದದ್ದೇ, ಅಲ್ವಾ? ಬ್ಯಾಟರಿ ಏರ್ ಪಂಪ್ ಒಂದು ಇರಲಿ. ಕರೆಂಟ್ ಇಲ್ಲದಾಗ ತಿಂಡಿ ಹಾಕಬೇಡಿ. ಎರಡು ದಿನ ಉಪವಾಸ ಇದ್ದರೆ ದೊಡ್ಡ ಆಸ್ಕರ್‌ಗೆ ಏನೂ ಆಗುವುದಿಲ್ಲ. ಡಬ್ಬಿಯಂತೆ ಮುಚ್ಚಿರುವ ಫಿಲ್ಟರ್ ಕರೆಂಟಿಲ್ಲದೆ ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನದೇ ನೀರಲ್ಲಿ ಜಾಲಿಸಿ, ಆಮೇಲೆ ಹಚ್ಚಿ.

ತಿಂಡಿಗೆ ಸಿಕ್ಲಿಡ್ ಪೆಲೆಟ್ (ಆಸ್ಕರ್ ಕುಟುಂಬದ ಮೀನುಗಳಿಗೆಂದು ಮಾಡಿದ ಗುಳಿಗೆ) ಸಾಕು, ನಡುನಡುವೆ ಸಿಪ್ಪೆ ಸುಲಿದ ಸಿಗಡಿ ಚೂರು. ಉಳಿದ ಬಂಗಡೆ ಹಾಕಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಜೀವಂತ ಗೋಲ್ಡ್‌ಫಿಶ್ ಹಾಕುವ ಚಟ ಮಾತ್ರ ಬೇಡ. ಅದರಲ್ಲಿರುವ ಒಂದು ಕಿಣ್ವ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ, ಜೊತೆಗೆ ರೋಗವೂ ಬರಬಹುದು.

ದೊಡ್ಡ ಟ್ಯಾಂಕ್ ಆಗುವುದೇ ಇಲ್ಲ ಅಂತಾದರೆ ಎರಡನ್ನೂ ಅಂಗಡಿಗೇ ಕೊಡಿ. ಕಾಳಿ ನದಿಗೋ ಊರ ಕೆರೆಗೋ ಬಿಡಬೇಡಿ. ನಮ್ಮ ಸೆಕೆ ಅದಕ್ಕೆ ಒಗ್ಗುತ್ತದೆ, ತನ್ನ ಬಾಯೊಳಗೆ ಹಿಡಿಯುವಷ್ಟು ಸಣ್ಣ ನಮ್ಮ ಮೀನುಗಳನ್ನೆಲ್ಲ ನುಂಗುತ್ತದೆ.