ಕ್ಲಬ್ಬಿನ ಗ್ರ್ಯಾಂಟಿಗೆ ಇಷ್ಟೊಂದು ಕಾಗದ ಯಾಕೆ?

ರೋಟರಿ ಕ್ಲಬ್ಬಿಗೆ ಹೊಸದಾಗಿ ಸೇರಿದವರು ಗ್ಲೋಬಲ್ ಗ್ರ್ಯಾಂಟ್, ಅಂದರೆ ದೊಡ್ಡ ಸೇವಾ ಯೋಜನೆಗೆ ರೋಟರಿ ಫೌಂಡೇಶನ್ ಕೊಡುವ ಅನುದಾನದ ಅರ್ಜಿ ನೋಡಿದ ಕೂಡಲೇ ಕೇಳುತ್ತಾರೆ: ಒಳ್ಳೆ ಕೆಲಸಕ್ಕೆ ದುಡ್ಡು ಕೇಳಲು ಇಷ್ಟೆಲ್ಲ ಬರೆಯಬೇಕಾ? ನ್ಯಾಯವಾದ ಪ್ರಶ್ನೆ. ಉತ್ತರ ಹಳೆಯ ಕಥೆಯಲ್ಲಿದೆ.

1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಮೊದಲ ಕ್ಲಬ್ ಕಟ್ಟಿದಾಗ ನಿಧಿ ಅಂತ ಏನೂ ಇರಲಿಲ್ಲ. ದತ್ತಿ ನಿಧಿ ಬೇಕು ಅಂತ ಆಗಿನ ರೋಟರಿ ಅಧ್ಯಕ್ಷ ಆರ್ಚ್ ಕ್ಲಂಫ್ ಹೇಳಿದ್ದು 1917ರಲ್ಲಿ, ಅಟ್ಲಾಂಟಾ ಸಮಾವೇಶದಲ್ಲಿ. ಅದಕ್ಕೆ ಬಂದ ಮೊದಲ ದೇಣಿಗೆ ಬರೀ 26.50 ಡಾಲರ್, ಕಾನ್ಸಾಸ್ ಸಿಟಿ ಕ್ಲಬ್ಬಿನದು. 1928ರಲ್ಲಿ ಆ ನಿಧಿಗೆ ರೋಟರಿ ಫೌಂಡೇಶನ್ ಎಂಬ ಹೆಸರು ಬಂತು.

ಕ್ಲಬ್ಬುಗಳ ಯೋಜನೆಗೆ ಫೌಂಡೇಶನ್ ಕೈಜೋಡಿಸಿದ್ದು 1965ರಿಂದ. ಎರಡು ದೇಶಗಳ ಕ್ಲಬ್ಬುಗಳು ಸೇರಿ ಹಣ ಹಾಕಿದರೆ ಫೌಂಡೇಶನ್ ಕೂಡ ತನ್ನ ಪಾಲು ಸೇರಿಸುತ್ತಿತ್ತು. ಇದೇ ಮುಂದೆ ಮ್ಯಾಚಿಂಗ್ ಗ್ರ್ಯಾಂಟ್ ಆಯಿತು. ಬಹಳ ಒಳ್ಳೆಯ ಏರ್ಪಾಟು, ಆದರೆ ಸಣ್ಣ ಸಣ್ಣ ಅರ್ಜಿಗಳೆಲ್ಲ ಫೌಂಡೇಶನ್ನಿಗೇ ಹೋಗಬೇಕಿತ್ತು, ಮತ್ತು ಆ ಕೆಲಸಗಳಲ್ಲಿ ಎಷ್ಟೋ ಬಹಳ ದಿನ ಬಾಳುವಂಥವಲ್ಲ.

ಹಾಗಾಗಿ 2010ರಲ್ಲಿ 100 ರೋಟರಿ ಜಿಲ್ಲೆಗಳಲ್ಲಿ (ಒಂದು ಪ್ರದೇಶದ ಹಲವು ಕ್ಲಬ್ಬುಗಳ ಗುಂಪಿಗೆ ರೋಟರಿಯಲ್ಲಿ ಜಿಲ್ಲೆ ಅನ್ನುತ್ತಾರೆ) ಪ್ರಯೋಗ ಮಾಡಿ, 2013ರ ಜುಲೈಯಿಂದ ಎಲ್ಲರಿಗೂ ಹೊಸ ಪದ್ಧತಿ ತಂದರು. ಸಣ್ಣ ಕೆಲಸಕ್ಕೆ ಡಿಸ್ಟ್ರಿಕ್ಟ್ ಗ್ರ್ಯಾಂಟ್, ತೀರ್ಮಾನ ಜಿಲ್ಲೆಯದೇ. ದೊಡ್ಡದಕ್ಕೆ ಗ್ಲೋಬಲ್ ಗ್ರ್ಯಾಂಟ್, ಬಜೆಟ್ ಕನಿಷ್ಠ 30,000 ಡಾಲರ್. ಅದನ್ನು ಕೆಲಸ ನಡೆಯುವ ಜಾಗದ ಒಂದು ಕ್ಲಬ್, ಹೊರದೇಶದ್ದು ಇನ್ನೊಂದು ಸೇರಿ ಕೇಳಬೇಕು. ಜಿಲ್ಲೆಯ ಕೈಗೆ ಬರುವ ಹಣಕ್ಕೂ ಲೆಕ್ಕ ಇದೆ. ಸದಸ್ಯರು ಫೌಂಡೇಶನ್ನಿನ ವಾರ್ಷಿಕ ನಿಧಿಗೆ ಕೊಟ್ಟದ್ದನ್ನು ಮೂರು ವರ್ಷ ಹೂಡಿಕೆಯಲ್ಲಿಟ್ಟು, ಆಮೇಲೆ ಅದರಲ್ಲಿ ಸುಮಾರು ಅರ್ಧದಷ್ಟನ್ನು ಜಿಲ್ಲೆಯ ಪಾಲಿಗೆ ಬಿಡುತ್ತಾರೆ. ಇವತ್ತು ಯಾರೂ ಕೊಡದಿದ್ದರೆ ಮೂರು ವರ್ಷದ ನಂತರ ಕೇಳಲು ಏನೂ ಇರುವುದಿಲ್ಲ, ಅಲ್ವಾ?

ಈಗಿನ ಅರ್ಜಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅಗತ್ಯದ ಸಮೀಕ್ಷೆ. ಅರ್ಜಿಗೆ ಮೊದಲೇ ಜನರ ಹತ್ತಿರ ಹೋಗಿ ಕೂತು ಮಾತಾಡಿ, ನಿಮಗೆ ಏನು ಬೇಕು, ಈಗ ಏನಿದೆ, ನಾವು ಹೋದ ಮೇಲೆ ಯಾರು ನೋಡಿಕೊಳ್ಳುತ್ತೀರಿ ಅಂತ ಕೇಳಿ ಬರೆಯಬೇಕು. ನೀರು ಶುದ್ಧ ಮಾಡುವ ಯಂತ್ರ ಕೊಡುವುದು ಸುಲಭ. ಫಿಲ್ಟರ್ ಬದಲಿಸುವವರು ಯಾರು, ಅದಕ್ಕೆ ದುಡ್ಡು ಎಲ್ಲಿಂದ ಅನ್ನುವುದೇ ಕಷ್ಟದ ಮಾತು. ಕೆಲವು ಕ್ಲಬ್ಬುಗಳು ಇದನ್ನು ಸುಮ್ನೆ ಒಂದು ಪುಟ ತುಂಬಿಸಿ ಕಳಿಸುತ್ತವೆ. ಅದು ತಪ್ಪು, ಆ ಜನರಿಗೇ ಮಾಡುವ ಅನ್ಯಾಯ.

ಹಣ ಬಂದ ಮೇಲಿನ ನಿಯಮಗಳ ಹಿಂದೆ ಇನ್ನೊಂದು ಕಾರಣವೂ ಇದೆ. ಪ್ರತಿ ಜುಲೈ 1ಕ್ಕೆ ಕ್ಲಬ್ಬಿನ ಅಧ್ಯಕ್ಷರು ಬದಲಾಗುತ್ತಾರೆ, ಯೋಜನೆ ಮಾತ್ರ ಎರಡು ಮೂರು ಅಧ್ಯಕ್ಷರನ್ನು ದಾಟಿ ನಡೆಯುತ್ತದೆ. ಅದಕ್ಕೇ ಮೊದಲು ತರಬೇತಿ, ಒಪ್ಪಂದ ಪತ್ರ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ವರ್ಷಕ್ಕೊಂದು ವರದಿ, ಕೆಲಸ ಮುಗಿದ ಎರಡು ತಿಂಗಳೊಳಗೆ ಕೊನೆಯ ವರದಿ. ಬಿಲ್ಲು, ರಸೀದಿಗಳನ್ನು ಆಮೇಲೂ ವರ್ಷಗಟ್ಟಲೆ ಜೋಪಾನ ಮಾಡಬೇಕು. ಅವು ಹಳೆಯ ಖಜಾಂಚಿಯ ಮನೆಯ ಕಪಾಟಿನಲ್ಲೇ ಉಳಿದುಬಿಟ್ಟರೆ, ಹೊಸ ತಂಡ ವರದಿ ಬರೆಯುವುದಾದರೂ ಹೇಗೆ? ಪದಗ್ರಹಣದ ದಿನ ಹಾರದ ಜೊತೆಗೆ ಗ್ರ್ಯಾಂಟಿನ ಕಡತವನ್ನೂ ಹೊಸಬರ ಕೈಗೆ ಕೊಡಿ.