ಗಂಟಿನೊಳಗೆ ಹುಳ ಕೂತಿದ್ದರೆ

ತೋಳಲ್ಲೋ ಕೆನ್ನೆಯಲ್ಲೋ ಒಂದು ಗಂಟು. ನೋವಿಲ್ಲ, ಕರಗುವುದೂ ಇಲ್ಲ. ಮೈಸೂರಿನ ನಮ್ಮ ಲ್ಯಾಬಿಗೆ ಸೂಜಿ ಪರೀಕ್ಷೆಗೆ ಬರುವಷ್ಟರಲ್ಲಿ ಮನೆಮಂದಿಯೆಲ್ಲ ಅದು ಕ್ಯಾನ್ಸರೇ ಅಂತ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಸೂಜಿ ಹಾಕಿ ಎಳೆದರೆ ಕೆಲವರಲ್ಲಿ ಬರುವುದು ಒಂದೆರಡು ಹನಿ ತಿಳಿನೀರು, ಜೊತೆಗೆ ಬಿಳಿ ಚೂರು. ಸ್ಲೈಡಿನಲ್ಲಿ ಅಲೆಅಲೆಯಾದ ಪೊರೆ, ಸುತ್ತ ಜಾಸ್ತಿ ಈಸಿನೊಫಿಲ್ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ), ಅದೃಷ್ಟವಿದ್ದರೆ ಹುಳದ ತಲೆಯ ಸಣ್ಣ ಕೊಕ್ಕೆಗಳೂ ಕಾಣುತ್ತವೆ. ಅದು ಹಂದಿ ಲಾಡಿಹುಳದ ಮರಿ.

ಹೀಗಂದರೆ ಕೆಲವರಿಗೆ ಸಿಟ್ಟೇ ಬರುತ್ತದೆ. "ಮೇಡಂ, ನಾವು ಮೊಟ್ಟೆನೂ ಮುಟ್ಟಲ್ಲ!" ಮುಟ್ಟಬೇಕಾಗಿಲ್ಲ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಲ್ಲಿ ಲಾಡಿಹುಳ ಬೆಳೆಯುತ್ತದೆ, ಅದರ ಮೊಟ್ಟೆಗಳು ಅವರ ಮಲದಲ್ಲಿ ಹೊರಬಂದು, ನೀರಿನಿಂದಲೋ ಸರಿಯಾಗಿ ತೊಳೆಯದ ಸೊಪ್ಪಿನಿಂದಲೋ ಅಡುಗೆ ಮಾಡುವವರ ಕೈಯಿಂದಲೋ ಯಾರ ಹೊಟ್ಟೆಗಾದರೂ ಸೇರಬಹುದು. ಅಲ್ಲಿಂದ ಮರಿ ರಕ್ತದಲ್ಲಿ ಸಾಗಿ ಸ್ನಾಯುವಿಗೋ ಕಣ್ಣಿಗೋ ಮೆದುಳಿಗೋ ಹೋಗಿ ಕೂರುತ್ತದೆ. ಮೆದುಳಿಗೆ ಹೋದರೆ ಫಿಟ್ಸ್ ಬರಬಹುದು. ಸ್ಕ್ಯಾನಿನಲ್ಲಿ ಟ್ಯೂಮರೋ ಟಿಬಿ ಗಂಟೋ ಅಂತ ತಜ್ಞರೂ ತಲೆ ಕೆರೆದುಕೊಳ್ಳುವುದು ಇಲ್ಲೇ.

ಮಂಡ್ಯ ಕಡೆಯ ಕುರಿ ಸಾಕುವವರು ಬಂದರೆ, ನಾಯಿ ಇದೆಯಾ ಅಂತಲೂ ಕೇಳುತ್ತೇನೆ. ಕುರಿ ಕಡಿದಾಗ ಬೇಡದ ಲಿವರ್, ಶ್ವಾಸಕೋಶದ ತುಂಡು ನಾಯಿಗೆ ಎಸೆಯುವುದುಂಟಲ್ವಾ? ಅದರಲ್ಲಿ ಹೈಡಾಟಿಡ್ ಗುಳ್ಳೆ, ಅಂದರೆ ಇನ್ನೊಂದು ಜಾತಿಯ ಲಾಡಿಹುಳದ ಮರಿಗಳಿರುವ ನೀರುಗುಳ್ಳೆ, ಇದ್ದರೆ ನಾಯಿಯ ಕರುಳಲ್ಲಿ ಹುಳವಾಗುತ್ತದೆ, ಆ ಹುಳದ ಮೊಟ್ಟೆ ನಮ್ಮ ಬಾಯಿಗೆ ಬಂದರೆ ನಮ್ಮ ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನೀರುಗುಳ್ಳೆ ದೊಡ್ಡದಾಗುತ್ತದೆ. ಇದಕ್ಕೆ ಮಾತ್ರ ನಾನು ಸುಮ್ನೆ ಸೂಜಿ ಚುಚ್ಚುವುದಿಲ್ಲ. ಒಳಗಿನ ನೀರು ಸೋರಿದರೆ ಅಲರ್ಜಿಯಾಗಿ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು, ಮರಿಗಳೂ ಹೊಟ್ಟೆಯೊಳಗೆ ಹರಡಬಹುದು. ಅದಕ್ಕೇ ನಾಯಿ, ಕುರಿಯ ವಿಷಯ ಮೊದಲೇ ಹೇಳಿ.

ಇದನ್ನೋದಿ ಮೆಡಿಕಲ್ ಶಾಪಿಗೆ ಓಡಿ ಹುಳದ ಮಾತ್ರೆ ನುಂಗಬೇಡಿ, ದಯವಿಟ್ಟು. ಕರುಳಿನ ಹುಳಕ್ಕೆ ಕೊಡುವ 400 ಮಿ.ಗ್ರಾಂ. ಆಲ್ಬೆಂಡಜೋಲಿನ ಒಂದೇ ಮಾತ್ರೆಗೆ ಈ ಗಂಟುಗಳು ಹೋಗುವುದಿಲ್ಲ. ಮೆದುಳಲ್ಲಿ, ಕಣ್ಣಲ್ಲಿ ಮರಿ ಇದ್ದರೆ ಅದು ಸಾಯುವಾಗ ಆಗುವ ಊತವೇ ದೊಡ್ಡ ತೊಂದರೆ, ಹಾಗಾಗಿ ಮೊದಲು ಅಲ್ಲಿ ನೋಡಿ, ಬೇಕಿದ್ದರೆ ಸ್ಟೀರಾಯ್ಡ್ ಕೊಟ್ಟೇ ಚಿಕಿತ್ಸೆ ಶುರು ಮಾಡುತ್ತಾರೆ. ಇನ್ನು ಗಂಟು ನಿಜವಾಗಿ ಕ್ಯಾನ್ಸರೇ ಆಗಿದ್ದರೆ, ಹುಳ ಅಂದುಕೊಂಡು ಕಳೆದ ತಿಂಗಳುಗಳು ವಾಪಸ್ ಬರುವುದಿಲ್ಲ.

ಹಂದಿ ಲಾಡಿಹುಳದ ಮರಿ ಅಂತ ರಿಪೋರ್ಟ್ ಬಂದರೆ ಮನೆಯವರೆಲ್ಲರ ಮಲ ಪರೀಕ್ಷೆಯನ್ನೂ ಮಾಡಿಸಿ. ಮೊಟ್ಟೆ ಹಾಕುವ ಲಾಡಿಹುಳ ಅವರಲ್ಲೇ ಒಬ್ಬರ ಹೊಟ್ಟೆಯಲ್ಲಿರಬಹುದು.